ಸಪ್ನಾ ಯಾಕೆ ತಲೆ ಬಾಚಲಿಲ್ಲ

ದೀಪಾವಳಿ ಸೂಟಿ ಮುಗಿದು ಶಾಲೆ ಶುರುವಾಯಿತು. ಒಂಬತ್ತನೆಯ ಇಯತ್ತೆಯ ಸಪ್ನಾ ಮಾತ್ರ ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಮಲಗಿಯೇ ಇದ್ದಳು. ಕರೆದರೆ ಹೂಂ ಇಲ್ಲ, ಊಹೂಂ ಇಲ್ಲ. ತಟ್ಟೆಯಲ್ಲಿ ರೊಟ್ಟಿ ಒಣಗಿ ಸೆಟೆಯುತ್ತಿತ್ತು. ತಾಯಿ ತಾಯವ್ವ ಬೈದಳು, ಬೇಡಿಕೊಂಡಳು, ಕೊನೆಗೆ ಸುಮ್ಮನಾದಳು.

ಹುಡುಗಿ ಸೂಟಿಗಿಂತ ಮೊದಲೇ ಮಂಕಾಗಿದ್ದಳು. ಎರಡು ಹೆರಳು ಹಾಕಿಕೊಂಡು ಬಂದಿಲ್ಲವೆಂದು ನಿಜಗುಣಪ್ಪ ಮಾಸ್ತರು ಅವಳನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ಮಕ್ಕಳೆಲ್ಲ ಕಿಟಕಿಯಿಂದ ನೋಡಿ ನಕ್ಕಿದ್ದರು.

ಒಂದು ದಿನ ತಾಯವ್ವ ಒತ್ತಾಯದಿಂದ ಮಗಳ ತಲೆ ಮುಟ್ಟಿ ನೋಡಿದಳು. ಹಿಂದಲೆಯ ಕೂದಲೆಲ್ಲ ಒಂದಕ್ಕೊಂದು ಹೆಣೆದು ಹಗ್ಗದಂತೆ ಗಟ್ಟಿಯಾಗಿತ್ತು.

ಮಗ್ಗುಲ ಮನೆಯ ಇಂದ್ರವ್ವ ನೋಡಿದವಳೇ ಭಂಡಾರದ ಅರಿಶಿನ ಹಚ್ಚಿ ಕೈಮುಗಿದಳು.

"ಜಡಿ ಬಿದ್ದೈತಿ ತಂಗಿ. ಎಲ್ಲವ್ವ ಕರದಾಳ. ಕತ್ತರಿ ಸೋಕಸಬ್ಯಾಡ. ಹೊಸ್ತಿಲ ಹುಣ್ಣಿವಿಗೆ ಆಕಿ ಗುಡ್ಡಕ್ಕ ಕರಕೊಂಡ ನಡಿ."

"ಮತ್ತ ಸಾಲಿ, ಯಕ್ಕಾ?"

"ದೇವಿ ಮಗಳಿಗೆ ಎಂಥಾ ಸಾಲಿ?"

ತಾಯವ್ವನಿಗೆ ಅಳು ಬಂತು. ಆದರೂ ಮಗಳ ಸಂಕಟಕ್ಕೆ ಒಂದು ಹೆಸರಾದರೂ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟುಕೊಂಡಳು.

ಹುಣ್ಣಿಮೆ ಹತ್ತಿರವಾದಾಗ ನಿಜಗುಣಪ್ಪ ಮಾಸ್ತರು ಮನೆಗೇ ಬಂದರು.

"ಹೆರಳ ಹಾಕಿಲ್ಲಂತ ಮತ್ತ ಬಿಸಲಾಗ ನಿಲ್ಲಸಾಕ ಬಂದ್ರೇನ್ರಿ ಸರ?" ಎಂದಳು ತಾಯವ್ವ.

"ಇಲ್ರಿ ತಾಯವ್ವಾ. ತಪ್ಪಾತು ಅಂತ ಹೇಳಾಕ ಬಂದೇನಿ. ಸವದತ್ಯಾಗ ನಮಗ ತರಬೇತಿ ಇತ್ರಿ, ಮಕ್ಕಳ ಮನಸ್ಸಿನ ಜಡ್ಡಿನ ಬಗ್ಗೆ. ಊಟಾ ಬಿಡೂದು, ಮಾತ ಬಿಡೂದು, ಜಳಕಾ ಮಾಡಾಕ, ತಲಿ ಬಾಚಾಕ ಸೈತ ಆಗದಂಗ ಇರೂದು. ವಾರಗಟ್ಟಲೆ ಹಿಂಗ ಇದ್ರ ಅದು ಮೈಗಳ್ಳತನ ಅಲ್ಲ, ಜಡ್ಡ ಇರಬಹುದು ಅಂದ್ರು ಡಾಕ್ಟರು. ಕುಂತಲ್ಲೇ ನನಗ ಸಪ್ನಾ ಕಣ್ಣಮುಂದ ಬಂದ್ಲು."

ಬಾಗಿಲಲ್ಲಿ ನಿಂತಿದ್ದ ಇಂದ್ರವ್ವ ಕೊಂಕು ನಕ್ಕಳು. "ಗಂಡಸರಿಗೆ ಹೆಣ್ಣ ಹುಡುಗೂರ ತಲಿ ಗೊಡವಿ ಯಾಕ ಬೇಕ್ರಿ ಮಾಸ್ತರ? ಅದು ದೇವಿ ಕೊಟ್ಟಿದ್ದು."

"ದೇವಿಗೆ ನಾನೂ ನಡಕೋತೇನ್ರಿ ಆಯಿ. ಆದ್ರ ತಲಿ ಯಾಕ ಬಾಚಲಿಲ್ಲ ಅಂತ ಆಕಿನ್ನ ಯಾರರ ಕೇಳೀರೇನು? ನಾನಂತೂ ಕೇಳಲಿಲ್ಲ."

ಯಾರೂ ಕೇಳಿರಲಿಲ್ಲ. ಮಾಸ್ತರು ನೆಲದ ಮೇಲೆ ಕುಳಿತು ಮೆಲ್ಲಗೆ ಕೇಳಿದರು. ಗೋಡೆಯ ಕಡೆಯಿಂದ ಸಪ್ನಾಳ ಸಣ್ಣ ದನಿ ಬಂತು.

"ಕೈ ಎತ್ತಾಕ ಆಗಂಗಿಲ್ರಿ ಸರ. ಮುಂಜಾನಿ ಆಗೂದ ಬ್ಯಾಡ ಅನಸ್ತೈತಿ."

"ಸಾಯಬೇಕು ಅಂತನೂ ಅನಸ್ತೈತೇನವಾ?"

ತಾಯವ್ವ ದಿಗಿಲುಬಿದ್ದಳು. "ಅಂಥಾ ಮಾತ ಯಾಕ ಕೇಳ್ತೀರಿ ಸರ? ಇಲ್ಲದ್ದನ್ನ ತಲ್ಯಾಗ ತುಂಬಿದಂಗ ಆಗಂಗಿಲ್ಲೇನು?"

"ಕೇಳೂದ್ರಿಂದ ಆ ವಿಚಾರ ಹುಟ್ಟಂಗಿಲ್ರಿ. ಕೇಳದಿದ್ರ ಒಬ್ಬಾಕಿನ ಒಳಗೊಳಗ ನುಂಗ್ತಾಳ."

ಸಪ್ನಾ ಮೆಲ್ಲಗೆ ಈ ಕಡೆ ಹೊರಳಿದಳು. ಹೌದೆಂದು ತಲೆಯಾಡಿಸಿದಳು.

ತಾಯವ್ವ ಮಗಳನ್ನು ಎದೆಗವಚಿಕೊಂಡಳು. ದಿನವೂ ಹೊಲಕ್ಕೆ ಹೋಗುವಾಗ ಈ ಕೂಸನ್ನು ಒಂಟಿಯಾಗಿ ಬಿಟ್ಟು ಕದ ಮುಂದೆ ಮಾಡಿ ಹೋಗುತ್ತಿದ್ದೆನಲ್ಲ ಎಂಬುದು ಅವಳ ಕರುಳನ್ನು ಇರಿಯಿತು. ಇಂದ್ರವ್ವ ಸೆರಗನ್ನು ಬಾಯಿಗೆ ಹಿಡಿದು ಅಲ್ಲೇ ಕುಳಿತುಬಿಟ್ಟಳು.

"ಇನ್ನ ಒಬ್ಬಾಕಿನ್ನ ಬಿಡೂದು ಬ್ಯಾಡ ತಂಗಿ. ನೀ ಹೊಲಕ್ಕ ಹೋದಾಗ ನಾ ಕೂಡತೇನಿ," ಎಂದಳು.

ಗುಡ್ಡದ ಮಾತು ಅಲ್ಲಿಗೇ ನಿಂತಿತು. ಮರುದಿನವೇ ಮಾಸ್ತರು ತಾಯಿ ಮಗಳನ್ನು ತಾಲೂಕು ಆಸ್ಪತ್ರೆಗೆ ಕರೆದೊಯ್ದರು. ಗುಳಿಗೆ ಶುರುವಾಯಿತು. ಡಾಕ್ಟರರ ಎದುರು ಕುಳಿತು ಮಾತಾಡುವುದೂ ಶುರುವಾಯಿತು. ಬೇನೆ ಬೇಗ ಇಳಿಯಲಿಲ್ಲ. ಹೆಣೆದ ಕೂದಲನ್ನು ಬಿಡಿಸಲಾಗದೆ ತಾಯವ್ವ ಕೈಯಾರೆ ಕತ್ತರಿಸಿದಳು. ಕತ್ತರಿಸುತ್ತ ತಾಯಿ ಅತ್ತಳು. ಮಗಳಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಪರೀಕ್ಷೆ ತಪ್ಪಿತು. ಗೆಳತಿಯರು ಹತ್ತನೆಯ ಇಯತ್ತೆಗೆ ಹೋದರು, ಸಪ್ನಾ ಒಂಬತ್ತರಲ್ಲೇ ಉಳಿದಳು. ಈಗಲೂ ಕೆಲವು ದಿನ ಮನಸ್ಸು ಮಂಕಾಗುತ್ತದೆ. ಅಂಥ ದಿನ ಮಾಸ್ತರು, "ಬರಿಯೂದ ಬ್ಯಾಡವಾ, ಸುಮ್ಮನ ನಮ್ಮ ಜೋಡಿ ಕುಂತಿರು," ಎನ್ನುತ್ತಾರೆ. ಅವಳು ಕುಳಿತಿರುತ್ತಾಳೆ. ತಾಯವ್ವನಿಗೆ ಸದ್ಯ ಅಷ್ಟೇ ಸಾಕು.

ಗುರುಗಳೇ, ಇಂಥ ತರಬೇತಿಗೆ ಕರೆ ಬಂದರೆ ಸಹಿ ಮಾಡಿ ಎದ್ದು ಬರಬೇಡಿರಿ, ಕೊನೆತನಕ ಕುಳಿತು ಕೇಳಿರಿ. ತಾಯಂದಿರೇ, ನಿಮ್ಮೂರ ಶಾಲೆಯ ಗುರುಗಳಿಗೆ ಆ ತರಬೇತಿ ಆಗಿದೆಯೇ ಎಂದು ಶಾಲೆಯ ಸಭೆಯಲ್ಲಿ ಎದ್ದು ಕೇಳಿರಿ. ಮಗು ಮಂಕಾದರೆ ಬೈಯುವ ಮೊದಲು ಏನಾಯಿತೆಂದು ಕೇಳಿರಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮನಸ್ಸಿನ ಬೇನೆಗೆಂದೇ ಇರುವ ಸರ್ಕಾರದ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ.

ಸಪ್ನಾಳಿಗೆ ಕಳೆದುಹೋದ ವರ್ಷ ಮರಳಿ ಬರುವುದಿಲ್ಲ. ನಿಮ್ಮ ಓಣಿಯಲ್ಲೂ ಒಂದು ಮಗು ಗೋಡೆಯ ಕಡೆ ಮುಖ ಮಾಡಿ ಮಲಗಿರಬಹುದು. ಹೋಗಿ ಅದರ ಮಗ್ಗುಲಲ್ಲಿ ಕುಳಿತುಕೊಳ್ಳಿರಿ.