ಪದರ ಬಿಟ್ಟ ಬಿಲ್ಲು

ಹುಲಗೆಮ್ಮನಿಗೆ ಸ್ವಂತ ಬಿಲ್ಲು ಇರಲಿಲ್ಲ.

ದೇವದುರ್ಗದ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದವಳು, ಭಾನುವಾರ ಬಂತೆಂದರೆ ಬಸ್ಸು ಹತ್ತಿ ಮಾನ್ವಿಗೆ ಹೋಗುತ್ತಿದ್ದಳು. ಅಲ್ಲಿನ ಕಾಲೇಜು ಮೈದಾನದಲ್ಲಿ ಗುರುಪ್ರಸನ್ನ ಸರ್ ಬಿಲ್ವಿದ್ಯೆ ಕಲಿಸುತ್ತಿದ್ದರು. ಅವಳು ಕಲಿತದ್ದೆಲ್ಲ ಕ್ಲಬ್ಬಿನ ಬಿಲ್ಲಿನಲ್ಲಿ. ಆ ಒಂದು ಬಿಲ್ಲಿಗೆ ಹತ್ತಾರು ಕೈ. ಇವಳ ಸರದಿ ಬರುವ ಹೊತ್ತಿಗೆ ಹಿಡಿಕೆ ಬೇರೆಯವರ ಬೆವರಿನಿಂದ ಜಾರುತ್ತಿತ್ತು. ಅಷ್ಟಾದರೂ ಇವಳ ಬಾಣಗಳು ಉಳಿದವರ ಬಾಣಗಳಿಗಿಂತ ಒತ್ತೊತ್ತಾಗಿ ನೆಡುತ್ತಿದ್ದವು. ಅದು ಇವಳಿಗೂ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು.

ವಿಭಾಗ ಮಟ್ಟದ ತಂಡದ ಆಯ್ಕೆ ಮಾನ್ವಿಯಲ್ಲೇ ಎಂದು ಗೊತ್ತಾದ ದಿನ ಸರ್ ಎಲ್ಲರನ್ನೂ ಕರೆದು ಕೂಡಿಸಿ ಹೇಳಿದರು.

"ಅವರವರ ಬಿಲ್ಲು ಅವರವರೇ ತರಬೇಕು. ಮ್ಯಾಲಿಂದ ಬಂದ ರೂಲು. ಬಿಲ್ಲು ಇಲ್ಲದೋರು ಹೆಸರು ಹಚ್ಚಬ್ಯಾಡ್ರಿ."

"ಸರ್, ಕ್ಲಬ್ಬಿಂದು ತಗೊಂಡು ಹೊಡೀತೀನ್ರೀ," ಅಂದಳು ಹುಲಗೆಮ್ಮ.

"ಅದು ಕ್ಲಬ್ಬಿಂದು, ನಿಂದಲ್ಲ. ನಾ ಏನ್ ಮಾಡ್ಲೆವ್ವ, ನನ್ನ ಬೆನ್ನೆಲುಬು ಬಗ್ಗಿಸಿ ಹೆದಿ ಕಟ್ಟಿಕೊಡ್ಲಾ?"

ಹುಡುಗರು ನಕ್ಕರು. ಹುಲಗೆಮ್ಮ ನಗಲಿಲ್ಲ, ಎದ್ದು ಹೋಗಿ ಹೆಸರು ಹಚ್ಚಿದಳು. ಬಸ್‌ಸ್ಟ್ಯಾಂಡಿಗೆ ಬಂದವಳೇ ಅಣ್ಣನಿಗೆ ಫೋನು ಹಚ್ಚಿದಳು.

ಅವಳ ಅಣ್ಣ ಅಂಬರೇಶ ರಾಯಚೂರಿನಲ್ಲಿ ಖಾಸಿಂ ಸಾಬರ ಫೈಬರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕಾರ್ಖಾನೆ ಅಂದರೆ ಒಂದು ತಗಡಿನ ಶೆಡ್ಡು. ನೀರಿನ ಟಾಕಿ, ಕೂಲರಿನ ಡಬ್ಬಿ, ಮದುವೆ ಮಂಟಪದ ಕಂಬ ಅಲ್ಲಿ ತಯಾರಾಗುತ್ತಿದ್ದವು. ತಂಗಿ ಫೋನು ಮಾಡಿದಾಗ ಅವನು, "ಬಿಲ್ಲೇನ್ ಮಹಾ, ಅದೂ ಫೈಬರೇ ಅಲ್ಲೇನು," ಅಂದ. ವಿಡಿಯೋ ನೋಡಿ ಕಲಿತ. ನಡುವೆ ತೇಗ ಮತ್ತು ಬಿದಿರಿನ ತೆಳು ಸೀಳು, ಅದರ ಹಿಂದೊಂದು ಮುಂದೊಂದು ಫೈಬರ್ ಪಟ್ಟಿ, ಪದರ ಪದರದ ಮಧ್ಯೆ ಅಂಟಿಗೆ ರೆಸಿನ್. ಎಲ್ಲವನ್ನೂ ಪ್ಲೈವುಡ್ಡಿನ ಅಚ್ಚಿನ ಮೇಲೆ ಕೂಡಿಸಿ, ಟ್ರಾಕ್ಟರ್ ಟ್ಯೂಬಿನ ಸೀಳುಗಳಿಂದ ಬಿಗಿದು, ಕರಿ ತಾಡಪತ್ರಿ ಹೊದಿಸಿ ಬಿಸಿಲಿಗಿಟ್ಟರೆ ಆಯಿತು. ಬಿಲ್ಲಿಗೆ ಬೇಕಾದ ಪಟ್ಟಿಯೂ ರೆಸಿನ್ನೂ ಊರಲ್ಲಿ ಸಿಗುವಂಥವಲ್ಲ. ಟಾಕಿಯ ರೆಸಿನ್ ಬಿಲ್ಲಿನ ಬಾಗು ತಾಳುವುದಿಲ್ಲ. ಪುಣೆಯಿಂದ ತರಿಸಿದ. ಬರುವುದಕ್ಕೇ ತಡವಾಗಿ, ಬಿಲ್ಲು ಮುಗಿಯುವ ಹೊತ್ತಿಗೆ ಭಾನುವಾರದ ಆಯ್ಕೆ ಎದುರಿಗೇ ಬಂದು ನಿಂತಿತ್ತು.

ಶುಕ್ರವಾರ ಹುಲಗೆಮ್ಮ ರಾಯಚೂರಿಗೆ ಬಂದಿಳಿದಾಗ ಬಿಲ್ಲು ಶೆಡ್ಡಿನ ಗೋಡೆಗೆ ಒರಗಿತ್ತು. ಚೆಂದ ಇತ್ತು. ಪಾಲಿಶು ಹೊಡೆದು, ಹಿಡಿಕೆಗೆ ಚರ್ಮ ಸುತ್ತಿದ್ದ. ಅವಳು ಹೆದೆ ಏರಿಸಿ ಒಮ್ಮೆ ಅರ್ಧ ಎಳೆದಳು. ಎರಡನೇ ಸಲ ಪೂರ್ತಿ ಎಳೆಯಲು ಹೋದಾಗ ಮೇಲ್ಗಡೆ ಎಲ್ಲೋ ಟಿಕ್ ಅಂತು. ಇನ್ನೊಂದು ಟಿಕ್. ಮೆಲ್ಲಗೆ ಸಡಿಲಿಸಿ ಬಿಲ್ಲನ್ನು ಬೆಳಕಿಗೆ ಹಿಡಿದಳು. ಹಿಡಿಕೆಯಿಂದ ಮೇಲಕ್ಕೆ ಬಾಗಿದ ರೆಕ್ಕೆಯಲ್ಲಿ, ಪಟ್ಟಿಗೂ ಕಟ್ಟಿಗೆಗೂ ನಡುವೆ, ಗೇಣುದ್ದದ ಬಿಳಿ ಗೆರೆ ಎದ್ದಿತ್ತು. ಉಗುರು ತೂರಿಸಿದರೆ ಹೋಯಿತು.

"ಪದರ ಬಿಟ್ಟದ," ಅಂದಳು.

ಅಂಬರೇಶ ಬಗ್ಗಿ ನೋಡಿದ. "ಸ್ವಲ್ಪ ಬಿಟ್ಟದ. ಗೋಂದು ಬಿಟ್ಟು ಮ್ಯಾಲ ದಾರ ಸುತ್ತಿದ್ರ ನಡೀತದ ಬಿಡು."

"ಏನ್ ನಡೀತದ?"

"ನಡೀತದ ಅಂದ್ರ ನಡೀತದ. ದಿನಾ ಇದೇ ಮಾಡಾಕತ್ತೀನಿ ನಾನು."

"ನೀ ದಿನಾ ಮಾಡೋದು ಟಾಕಿ. ಟಾಕಿ ಸೋರಿದ್ರ ನೀರು ಹೋಗ್ತದ. ಇದು ಹರಿದ್ರ ನನ್ನ ಕಣ್ಣು ಹೋಗ್ತದ."

ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ ಖಾಸಿಂ ಸಾಬರು ನಡುವೆ ಬಾಯಿ ಹಾಕಿದರು. "ನಮ್ಮ ಟಾಕಿ ಸೋರಂಗಿಲ್ಲ, ಬೇಟಿ. ಗಿರಾಕಿ ಕೇಳಿಸ್ಕೊಂಡಾನು, ಮೆಲ್ಲಕ ಬೈ ನಿಮ್ಮಣ್ಣಗ."

ಅಂಬರೇಶ ಹಟ ಬಿಡಲಿಲ್ಲ. ಕಿರಾಣಿ ಅಂಗಡಿಯಿಂದ ಗೋಂದಿನ ಕೊಳವೆ ತಂದು ಸಂದಿನೊಳಗೆ ಹಿಂಡಿ, ಕ್ಲ್ಯಾಂಪು ಬಿಗಿದು, ಗೋಂದು ಒಣಗಿದ ಮೇಲೆ ಬಿಚ್ಚಿ ಕೊಟ್ಟ. ಅವಳು ಮುಖ ಪಕ್ಕಕ್ಕೆ ಹೊರಳಿಸಿ ಎಳೆದಳು. ಗೆರೆ ಮತ್ತೆ ಬಾಯಿ ಬಿಟ್ಟಿತು, ಈ ಸಲ ಎರಡು ಗೇಣು.

ಆಗ ಅವಳಿಗೆ ಸಿಟ್ಟು ಮೈಯೆಲ್ಲ ಏರಿತು. ಆದರೆ ಕೂಗಲಿಲ್ಲ. ಅವನ ಎದುರು ಸ್ಟೂಲು ಎಳೆದು ಕೂತು, "ಮೊದಲಿಂದ ಹೇಳು. ಪಟ್ಟಿ ಡಬ್ಬಿಯಿಂದ ತಗದಿ. ಆಮ್ಯಾಲ?" ಅಂದಳು.

"ಆಮ್ಯಾಲ ಏನು, ಒರಟು ಮಗ್ಗಲು ಒಳಗ ಬರಂಗ ಇಟ್ಟೆ."

"ಇಡೋಕ್ಕಿಂತ ಮೊದಲು?"

"ಧೂಳಿತ್ತು. ಒರೆಸಿದೆ."

"ಯಾತರಲೆ ಒರೆಸಿದಿ?"

ಅಂಬರೇಶ ಗೂಟಕ್ಕೆ ತೂಗು ಹಾಕಿದ್ದ ಹಳೇ ಬನಿಯನ್ನಿನ ತುಂಡು ತೋರಿಸಿದ. ತೋರಿಸಿದ ಕೈ ಅರ್ಧಕ್ಕೇ ಇಳಿಯಿತು.

ಅದು ಮೇಣದ ಬಟ್ಟೆ. ಶೆಡ್ಡಿನಲ್ಲಿ ದಿನ ಶುರುವಾಗುವುದೇ ಅದರಿಂದ. ಬೆಳಿಗ್ಗೆ ಬಂದವರು ಮೊದಲು ಅಚ್ಚಿಗೆ ಮೇಣ ತಿಕ್ಕುತ್ತಾರೆ; ತಿಕ್ಕದಿದ್ದರೆ ಫೈಬರ್ ಅಚ್ಚಿಗೆ ಕಚ್ಚಿಕೊಂಡು ಟಾಕಿ ಹೊರಗೆ ಬರುವುದಿಲ್ಲ. ಅಂಬರೇಶನ ಕೈಗೆ ಎಂಟು ವರ್ಷದ ರೂಢಿ. ಬಿಲ್ಲಿನ ಅಚ್ಚಿಗೆ ಮೇಣ ತಿಕ್ಕಿದ, ಅದು ಸರಿ. ಅದೇ ಬಟ್ಟೆಯಿಂದ ಪಟ್ಟಿಯ ಒಳಮಗ್ಗಲನ್ನೂ ಒರೆಸಿದ್ದ.

"ಅಂಟಬೇಕಾದಲ್ಲಿ ಅಂಟಬಾರದ್ದು ಹಚ್ಚೀದಿ," ಅಂದಳು ಹುಲಗೆಮ್ಮ. "ನೋಡಿ ನೋಡಿ ಹಚ್ಚೀದಿ."

"ನೋಡಿ ಹಚ್ಚಿದ್ರ ಹಚ್ಚತಿದ್ನೇನು? ಕೈ ತಾನಾ ಹೋಗ್ತದಲೇ."

"ನಿನ್ನ ಕೈ ತಾನಾ ಹೋಗ್ತದ, ನಿನ್ನ ತಲಿ ಎಲ್ಲಿಗೆ ಹೋಗಿತ್ತು? ಊರಿಗಾ?"

ಅವಳು ಎದ್ದು ಮೇಣದ ಡಬ್ಬಿ ಎತ್ತಿ ಶೆಡ್ಡಿನ ಹೊರಗಿನ ಚರಂಡಿಗೆ ಎಸೆದಳು. ಖಾಸಿಂ ಸಾಬರು ಚಹಾದ ಲೋಟ ಕೆಳಗಿಟ್ಟು, "ಅಂಬರೇಶ, ಹೋಗು, ಡಬ್ಬಿ ತಗೊಂಡು ಬಾ. ನಿನ್ನ ತಂಗಿ ಬಿಲ್ಲಿಲ್ಲದನಾ ಗುರಿ ಹೊಡೀತಾಳ, ಅಕಿಗೆ ಬಿಲ್ಲ್ಯಾಕ ಬೇಕು," ಅಂದರು. ಅಂಬರೇಶ ಹೋಗಿ ತಂದ. ತರುವಾಗ ಕಾಲಿಗೆಲ್ಲ ಕೊಳಚೆ. ಅದನ್ನು ನೋಡಿಯೂ ಅವಳ ಸಿಟ್ಟು ಇಳಿಯಲಿಲ್ಲ.

ದುರಸ್ತಿಗೆ ದಾರಿ ಒಂದೇ ಇತ್ತು. ಪಟ್ಟಿ ಕೀಳಬೇಕು, ಕಟ್ಟಿಗೆ ಉಜ್ಜಬೇಕು, ಮೇಣ ತೊಳೆಯಬೇಕು, ಹೊಸ ರೆಸಿನ್ ಹಾಕಿ ಮತ್ತೆ ಅಚ್ಚಿಗೆ ಕಟ್ಟಬೇಕು. ಅಂಬರೇಶ ಹೀಟ್ ಗನ್ ಹಿಡಿದ. ಹುಲಗೆಮ್ಮ ತೆಳು ಅಲಗಿನ ಚಾಕು ಪಟ್ಟಿಯಡಿ ತೂರಿಸಿ ಮೆಲ್ಲಗೆ ಎಬ್ಬಿಸಿದಳು. ರೆಕ್ಕೆಯ ತುದಿಯಿಂದ ಶುರು ಮಾಡಿದರು. ಬೆಂದ ಶೇಂಗಾದ ಸಿಪ್ಪೆಯ ಹಾಗೆ ಸುಲಿಯುತ್ತಾ ಬಂತು, ಕಟ್ಟಿಗೆಯ ಒಂದು ಎಳೆಯೂ ಅಂಟಿರಲಿಲ್ಲ. ರೆಸಿನ್ ಕಚ್ಚೇ ಇರಲಿಲ್ಲ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು. ಹಿಡಿಕೆ ಹತ್ತಿರ ಬಂದಂತೆ ಮಾತ್ರ ಪಟ್ಟಿ ಬಿಗಿಯಾಯಿತು. ಕಿತ್ತರೆ ಬಿದಿರಿನ ನಾರು ಜೊತೆಗೇ ಎದ್ದು ಬಂತು.

"ನೋಡು," ಅಂದ ಅಂಬರೇಶ. "ಇಲ್ಲಿ ಹಿಡಿದದ. ತುದಿಯಿಂದ ಒರೆಸ್ಕೋತ ಬಂದೆ, ಇಲ್ಲಿಗೆ ಬರೋದ್ರಾಗ ಬಟ್ಟಿಯಾಗಿನ ಮೇಣ ತೀರ್ಯದ. ಅಂದ್ಮ್ಯಾಲ ಕೆಳಗಿನ ರೆಕ್ಕಿ ಚಲೋನೇ ಅದ."

"ಅದನ್ನೂ ಕೀಳು."

"ಸುಮ್ಮನ ಚಲೋ ಇದ್ದದ್ದನ್ನ ಯಾಕ ಕೀಳ್ತಿ? ಕಿತ್ತರ ಬಿದಿರು ಏಳ್ತದ, ರೆಕ್ಕಿ ತೆಳ್ಳಗಾಗ್ತದ. ರೆಸಿನ್ ಎಷ್ಟದ ನೋಡಿದ್ಯಾ?"

ಅವಳು ರೆಸಿನ್ ಡಬ್ಬಿ ಅಲುಗಿಸಿ ನೋಡಿದಳು. ತಳದಲ್ಲಿ ಒಂದು ರೆಕ್ಕೆಗೆ ಸಾಲುವಷ್ಟಿತ್ತು. ಕೆಳಗಿನ ರೆಕ್ಕೆಯನ್ನು ಬಗ್ಗಿಸಿದಳು, ಬೆರಳಿನಿಂದ ಬಡಿದಳು, ಕಿವಿ ಹಚ್ಚಿದಳು. ಗೆರೆಯಿಲ್ಲ, ಸದ್ದಿಲ್ಲ. ಎರಡೂ ರೆಕ್ಕೆ ಕಿತ್ತು ರೆಸಿನ್ ಸಾಲದೆ ಹೋದರೆ ಭಾನುವಾರ ಬರಿಗೈ. ಬರಿಗೈಯಲ್ಲಿ ಸರ್ ಮುಂದೆ ನಿಲ್ಲುವುದು ನೆನೆದರೇ ಅವಳಿಗೆ ಕೆನ್ನೆ ಸುಡುತ್ತಿತ್ತು.

"ಇರಲಿ," ಅಂದಳು. "ಮ್ಯಾಲಿಂದಷ್ಟೇ ಮಾಡು."

ಆಮೇಲಿನ ಕೆಲಸದಲ್ಲಿ ಅಣ್ಣನನ್ನು ಅವಳು ಒಂದಕ್ಕೂ ನಂಬಲಿಲ್ಲ. ಪಟ್ಟಿಯನ್ನು ತಾನೇ ಪಾಲಿಶ್ ಪೇಪರಿನಿಂದ ಉಜ್ಜಿದಳು. ಥಿನ್ನರಿನಲ್ಲಿ ಅದ್ದಿದ ಹೊಸ ಬಟ್ಟೆಯಿಂದ ತೊಳೆದಳು, ಅದನ್ನು ಎಸೆದು ಇನ್ನೊಂದರಿಂದ ತೊಳೆದಳು. ನೀರು ಚಿಮುಕಿಸಿ ನೋಡಿದಳು. ಹನಿ ಮಣಿಗಟ್ಟದೆ ಹರಡಿಕೊಂಡಿತು, ಅಂದರೆ ಮೇಣ ಹೋಗಿತ್ತು. ಕಟ್ಟಿಗೆಗೂ ಹಾಗೇ ಮಾಡಿದಳು. ಅಂಬರೇಶ ರೆಸಿನ್ ಕಲೆಸುವಾಗ ಪಕ್ಕದಲ್ಲೇ ನಿಂತು ಅವನ ಕೈ ಕಾದಳು. ಅವನು ಬೆರಳು ಒರೆಸಿಕೊಳ್ಳಲು ಗೂಟದ ಕಡೆ ಹೊರಳಿದಾಗ ಆ ಬನಿಯನ್ ತುಂಡು ಕಿತ್ತು ಚಹಾದ ಒಲೆಗೆ ಹಾಕಿದಳು. ಅವನು ಅಂಗಿಗೇ ಬೆರಳು ಒರೆಸಿಕೊಂಡ. ಕಟ್ಟಿ ಮುಗಿಸಿದ ಮೇಲೆ ಶನಿವಾರ ಇಡೀ ಹಗಲು ಬಿಲ್ಲು ರಾಯಚೂರಿನ ಬಿಸಿಲಿನಲ್ಲಿ ಬಿದ್ದಿತ್ತು. ಸಂಜೆ ಬಿಚ್ಚಿ ಎಳೆದು ನೋಡಿದರು. ಮೇಲಿನ ರೆಕ್ಕೆ ಕಲ್ಲಿನಂತೆ ಗಟ್ಟಿಯಾಗಿತ್ತು.

ಭಾನುವಾರ ಇಬ್ಬರೂ ಮೊದಲ ಬಸ್ಸಿಗೆ ಮಾನ್ವಿಗೆ ಹೊರಟರು. ಮೈದಾನದಲ್ಲಿ ಗುರುಪ್ರಸನ್ನ ಸರ್ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, "ಎಲ್ಲಿಂದ ತಂದೆವ್ವ ಇದನ್ನ?" ಅಂದರು.

"ಟಾಕಿ ಕಾರ್ಖಾನಿಯಿಂದ್ರೀ."

"ನಳ ಹಚ್ಚಿಲ್ಲ ಹೌದಿಲ್ಲೋ," ಅಂದರು ಸರ್. ಈ ಸಲ ಅವಳೂ ನಕ್ಕಳು.

ಆಯ್ಕೆಗಾರರ ಮುಂದೆ ಮೊದಲ ಸುತ್ತಿನಲ್ಲಿ ಅವಳ ಬಾಣಗಳು ಗುರಿಯ ನಡುವಿನ ಹಳದಿಯಲ್ಲಿ ಬೆರಳಗಲದೊಳಗೆ ನೆಟ್ಟವು. ಸಾಲಿನಲ್ಲಿ ನಿಂತವರು ತಮ್ಮ ಗುರಿ ಮರೆತು ಇವಳ ಗುರಿಯನ್ನೇ ನೋಡತೊಡಗಿದರು. ಎರಡನೇ ಸುತ್ತಿನ ಮೊದಲ ಬಾಣ. ಅವಳು ಹೆದೆಯನ್ನು ಗದ್ದದವರೆಗೆ ಎಳೆದು ಉಸಿರು ಹಿಡಿದಳು. ಹಿಡಿಕೆಯ ಕೆಳಗೆ ಏನೋ ಚರ್ರನೆ ಸೀಳಿತು. ಕೆಳಗಿನ ರೆಕ್ಕೆಯ ಪಟ್ಟಿ ಉದ್ದಕ್ಕೂ ಹಾರಿತು, ಆಸರೆ ತಪ್ಪಿದ ಕಟ್ಟಿಗೆ ಅಡ್ಡಕ್ಕೆ ಮುರಿಯಿತು, ಮೇಲಿನ ತುದಿ ಹಿಂದಕ್ಕೆ ಚಿಮ್ಮಿ ಅವಳ ಬಾಯಿಗೆ ಬಡಿಯಿತು.

ಅವಳು ಮಂಡಿಯೂರಿ ಕೂತಳು. ಅಂಗೈಯಲ್ಲಿ ರಕ್ತ, ರಕ್ತದಲ್ಲಿ ಹಲ್ಲು. ಸರ್ ನೀರು ತಂದರು, ಕರವಸ್ತ್ರ ಕೊಟ್ಟರು, ಆಸ್ಪತ್ರೆಗೆ ನಡಿ ಅಂದರು. ಆಯ್ಕೆಗಾರರು ಸ್ವಲ್ಪ ಹೊತ್ತು ಕಾದು ಮುಂದಿನ ಹೆಸರು ಕರೆದರು.

ಅಂಬರೇಶ ಬೇಲಿ ದಾಟಿ ಓಡಿ ಬಂದ. ಹುಲಗೆಮ್ಮ ಅವನ ಮುಖ ನೋಡಲಿಲ್ಲ. ಹಾರಿಬಿದ್ದ ಪಟ್ಟಿ ಎತ್ತಿಕೊಂಡು ಅದರ ಒಳಮಗ್ಗಲಿನ ಮೇಲೆ ಹೆಬ್ಬೆರಳು ಎಳೆದಳು. ನುಣ್ಣಗೆ ಜಾರಿತು.

"ಇಲ್ಲೂ ಮೇಣ ಅದ," ಅಂದಳು. ತುಟಿ ಬಾತಿದ್ದರಿಂದ ಮಾತು ಸರಿಯಾಗಿ ಬರಲಿಲ್ಲ. "ಬಟ್ಟಿಯಾಗಿಂದು ತೀರಿತ್ತು ಅಂದಿದ್ದಿ."

ಅಂಬರೇಶ ಮುರಿದ ಬಿಲ್ಲನ್ನು ಎತ್ತಿಕೊಂಡ. "ಹಿಡಿಕಿ ತನಕ ಒರೆಸೋದ್ರಾಗ ಬಟ್ಟಿ ಹೊಲಸಾಗಿತ್ತು," ಅಂದ. "ಕೆಳಗ ಒರೆಸುವಾಗ ಮಗ್ಗಲು ತಿರುವಿದ್ದೆ. ಸ್ವಚ್ಛ ಇರಲಿ ಅಂತ. ಆ ಮಗ್ಗಲಿನ ಮೇಣ ಹಾಂಗ ಉಳಿದಿತ್ತು."

"ಮೊನ್ನಿ ಯಾಕ ಹೇಳಲಿಲ್ಲ?"

"ಈಗ ನೆನಪಾತು."

ಅವನಿಗೆ ಹೊಡೆಯಬೇಕೆಂದು ಅವಳ ಕೈ ಎದ್ದಿತು. ಯಾತರಲೆ ಒರೆಸಿದಿ ಅಂತ ಕೇಳಿದ್ದಳು, ಹೆಂಗೆ ಒರೆಸಿದಿ ಅಂತ ಕೇಳಿರಲಿಲ್ಲ. ಮೇಲಿಂದಷ್ಟೇ ಮಾಡು ಅಂದದ್ದು ತನ್ನದೇ ಬಾಯಿ. ಕೈ ಇಳಿಸಿದಳು, ಸಿಟ್ಟು ಇಳಿಯಲಿಲ್ಲ. ಕರವಸ್ತ್ರ ಬಾಯಿಗೆ ಒತ್ತಿಕೊಂಡು ಆಸ್ಪತ್ರೆಯ ಕಡೆ ಮುಂದೆ ಮುಂದೆ ನಡೆದಳು. ಬಿಲ್ಲಿನ ತುಂಡುಗಳನ್ನು ಬಗಲಲ್ಲಿಟ್ಟುಕೊಂಡು ಅಂಬರೇಶ ಹಿಂದೆ ಬಂದ.

ಹೋದದ್ದು ಇಷ್ಟು: ಬಿಲ್ಲು ಒಂದು, ಮುಂದಿನ ಹಲ್ಲು ಒಂದು, ತಂಡದಲ್ಲಿ ಜಾಗ ಒಂದು.