ಹರಿದ ತುಟಿಯವನ ಗೂಡು

ಊರಿನವರು ವರ್ನಾ ಟ್ಯಾಕಬೆರಿಗೆ ಇಟ್ಟ ಹೆಸರು ‘ತೇಲೋ ಹೆಣ’. ಜೂನ್ ಬಂತೆಂದರೆ ಒಂಟಾರಿಯೋದ ಆ ಚಳಿ ಕೊರೆಯುವ ಸರೋವರದಲ್ಲಿ ಈಜುಗಾರರ ಮಾಸ್ಕ್ ಹಾಕಿ ಬೋರಲು ಮಲಗಿ ಬಾಸ್ ಮೀನಿನ ಗೂಡು ನೋಡುವುದೇ ಅವಳ ವಿಜ್ಞಾನ. ಬಾಸ್‌ನಲ್ಲಿ ಹೆಣ್ಣು ಮೊಟ್ಟೆಯಿಟ್ಟು ತನ್ನ ದಾರಿ ಹಿಡಿಯುತ್ತದೆ. ಊಟ ಬಿಟ್ಟು ಮೊಟ್ಟೆ ಕಾಯುವುದು ಗಂಡು. ‘ಇದು ಹೆಂಗಸಿನ ಕಲ್ಪನೆ, ಮೀನಿಗೆಲ್ಲಿಯ ಮಮತೆ’ ಎಂದು ದೊಡ್ಡ ವಿಜ್ಞಾನಿಗಳು ಅವಳ ಮೊದಲ ಪ್ರಬಂಧವನ್ನು ವಾಪಸು ಕಳಿಸಿದ್ದರು. ಮಮತೆ ಎಂಬ ಪದವನ್ನು ಅವಳು ಬರೆದೇ ಇರಲಿಲ್ಲ. ಆ ಸಿಟ್ಟಿಗೇ ಮರುವರ್ಷ ಮತ್ತೆ ನೀರಿಗಿಳಿದಳು. ಹಾಗೆ ಇಳಿಯುತ್ತಲೇ ಕೂದಲು ಬೆಳ್ಳಗಾಯಿತು.

ಅವಳ ಕೆಲಸಕ್ಕೆ ಒಂದೇ ಕಟ್ಟಳೆ: ನೋಡಬೇಕು, ಕೈ ಹಾಕಬಾರದು. ಕಣ್ಣೆದುರೇ ಗೂಡು ಲೂಟಿಯಾದರೂ ಸುಮ್ಮನೆ ತೇಲುತ್ತಿರಬೇಕು. ಎಷ್ಟೋ ಸಲ ಮಾಸ್ಕಿನೊಳಗೇ ಅತ್ತಿದ್ದಾಳೆ.

ಈಗ ಗಾಳಗಾರರ ಸಂಘದವರು ತಮ್ಮ ಮೀನು ಹಿಡಿಯುವ ಪಂದ್ಯವನ್ನು ಮೊಟ್ಟೆಯ ಕಾಲಕ್ಕೇ ತರಲು ಹೊರಟಿದ್ದರು. ಸಂಘದ್ದೇ ಸರೋವರ, ಸಂಘದ್ದೇ ನಿಯಮ. ಶನಿವಾರ ಪ್ಯಾನ್‌ಕೇಕ್ ಊಟ ಮುಗಿದ ಕೂಡಲೇ ವೋಟು. ವರ್ನಾಗೆ ಅಲ್ಲಿ ವೋಟಿಲ್ಲ. ಆದರೂ ಅಂದು ಬೆಳಗ್ಗೆಯೇ ಸರೋವರದ ಕಟ್ಟೆಯ ಮೇಲಿನ ಆ ಊಟಕ್ಕೆ ಹೋಗಿ ಅಧ್ಯಕ್ಷ ಲೈಲ್ ಮೆಕ್‌ನಿವನ್‌ನ ತಟ್ಟೆಯ ಮುಂದೆ ನಿಂತಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

“ಹಿಡೀತೀವಿ, ತೂಗ್ತೀವಿ, ಬಿಡ್ತೀವಿ,” ಎಂದ ಲೈಲ್, ಮೇಪಲ್ ಪಾಕ ಸುರಿದುಕೊಳ್ಳುತ್ತ. “ಒಂದಾದ್ರೂ ಸಾಯುತ್ತೇನೇ?”

“ಮೀನು ಸಾಯಲ್ಲ ಕಣೋ, ಗೂಡು ಸಾಯುತ್ತೆ. ಸಂಶೋಧನೆಗೆ ಒಂದು ಬಾಸ್ ಹಿಡಿಯೋ ಪರವಾನಗಿ ನನಗಿದೆ. ನೀನೇ ಹಿಡಿ. ಪಂದ್ಯದಲ್ಲಿ ಹೆಂಗೆ ಮಾಡ್ತೀರೋ ಹಂಗೇ ಮಾಡು. ಆಮೇಲೆ ಮಾಸ್ಕ್ ಹಾಕ್ಕೊಂಡು ಗೂಡು ನೋಡು. ಧೈರ್ಯ ಇಲ್ವಾ?”

ತಟ್ಟೆ ಹಿಡಿದ ಊರೆಲ್ಲ ನಕ್ಕಿತು. ಲೈಲ್ ಎದ್ದು ಅವಳ ದೋಣಿ ಹತ್ತಲೇಬೇಕಾಯಿತು.

ಅವಳು ತೋರಿಸಿದ್ದು ಕರಿಬಂಡೆಯ ಬುಡದ ಗೂಡನ್ನು. ಅಲ್ಲಿ ಕಾಯುತ್ತಿದ್ದವನು ಹರಿದ ತುಟಿಯ ಹಳೆಯ ಗಂಡು. ವರ್ಷಾವರ್ಷ ಅದೇ ಬಂಡೆಗೆ ಬರುವವನು, ಅವಳಿಗೆ ಅತ್ಯಂತ ಬೇಕಾದವನು. ಬೇರೆ ಯಾವುದನ್ನು ತೋರಿಸಿದರೂ ‘ಅದು ಕೈಲಾಗದ ಅಪ್ಪ’ ಎಂದು ಲೈಲ್ ತಳ್ಳಿಹಾಕುತ್ತಿದ್ದ. ಅದಕ್ಕೇ ಇವನನ್ನು ಆರಿಸಿದಳು.

ಗಾಳ ಬಿದ್ದದ್ದೇ ತಡ, ಮೀನು ಕಚ್ಚಿತು.

“ನೋಡ್ದಾ! ಹೊಟ್ಟೆಬಾಕ!”

“ಹಸಿವಿಗಲ್ಲ. ನಿನ್ನ ಗಾಳಾನ ಓಡ್ಸಕ್ಕೆ ಬಂದ.”

ದೋಣಿಯ ನೀರುತೊಟ್ಟಿಗೆ ಹಾಕಿ, ಕಟ್ಟೆಗೆ ತಂದು, ತೂಗಿ, ಫೋಟೋ ತೆಗೆಸಿಕೊಂಡು, ಚಪ್ಪಾಳೆಯ ನಡುವೆ ಲೈಲ್ ಅವನನ್ನು ಕಟ್ಟೆಯ ಬಳಿಯೇ ನೀರಿಗೆ ಬಿಟ್ಟ. ಪದ್ಧತಿ ಅದೇ. ಗೂಡು ಇದ್ದದ್ದು ಆಚೆ ದಡದಲ್ಲಿ.

ವರ್ನಾ ದೋಣಿಯನ್ನು ಬಂಡೆಗೆ ತಿರುಗಿಸಿ, ಲೈಲ್‌ನ ಮೂಗಿಗೆ ಮಾಸ್ಕ್ ಬಿಗಿದಳು. ಆ ಭಾರಿ ಆಸಾಮಿ ಬೈಯುತ್ತಲೇ ನೀರಿಗಿಳಿದು ಮುಖ ಮುಳುಗಿಸಿದ. ಮರುಕ್ಷಣವೇ ಕೈ ಬೀಸತೊಡಗಿದ. ಕೆಳಗೆ ಗೂಡಿನ ತುಂಬ ಚಪ್ಪಟೆ ಸನ್‌ಫಿಶ್‌ಗಳು, ಒಂದರ ಮೇಲೊಂದು ಬಿದ್ದು ಮೊಟ್ಟೆ ಮುಕ್ಕುತ್ತಿದ್ದವು.

“ಅರ್ಧ ಖಾಲಿಯಾಗಿದೆ ಕಣೇ! ನೀನೇನು ನೋಡ್ತಾ ಕೂತಿದೀಯ? ಇಳಿ!”

“ನಾನು ಕೈ ಹಾಕೋ ಹಂಗಿಲ್ಲ.”

“ಯಾವಳ ಮನೆ ನಿಯಮಾನೇ ಅದು?”

ಅವಳ ಮನೆಯದೇ. ಇಷ್ಟು ವರ್ಷ ಪಾಲಿಸಿದ್ದನ್ನು ಅವತ್ತು ವರ್ನಾ ದೋಣಿಯಲ್ಲೇ ಬಿಟ್ಟು ನೀರಿಗೆ ಹಾರಿದಳು. ಇಬ್ಬರು ಮುದುಕರು ಗೂಡಿನ ಸುತ್ತ ಕೈಕಾಲು ಬಡಿದು ಕಳ್ಳರನ್ನು ಓಡಿಸಿದರು. ಕಟ್ಟೆಯಿಂದ ಕಾರ್ಯದರ್ಶಿ ಕೂಗಿದ: “ಲೈಲ್, ವೋಟಿಗೆ ಹೊತ್ತಾಯ್ತು!”

“ಅವ್ನು ಬರೋ ತನಕ ನಾನು ಬರಲ್ಲ!”

ಇಬ್ಬರ ತುಟಿಗಳೂ ಚಳಿಗೆ ನೀಲಿಯಾದ ಮೇಲೆ ಹರಿದ ತುಟಿಯವನು ಬಂದ. ಸೀದಾ ನುಗ್ಗಿ ಲೈಲ್‌ನ ಹೆಬ್ಬೆರಳನ್ನೇ ಕಚ್ಚಿದ.

“ಅಯ್ಯೋ, ನಾನು ನಿಂದೇ ಗೂಡು ಕಾಯ್ತಿದ್ನಲ್ಲೋ!”

ವರ್ನಾ ನಗು ತಡೆಯಲಾರದೆ ನೀರು ಕುಡಿದಳು. “ನಡಿ, ಮನೆಯವ್ನು ಬಂದ. ಇನ್ನು ನಮಗೇನು ಕೆಲಸ?”

ಸಭೆಯಲ್ಲಿ ಲೈಲ್ ಕಂಬಳಿ ಹೊದ್ದುಕೊಂಡೇ ನಿಂತ. “ಪಂದ್ಯ ಮೊಟ್ಟೆ ಕಾಲಕ್ಕೆ ಬೇಡ ಅನ್ನೋರು ಕೈಯೆತ್ತಿ,” ಎಂದವನೇ ಮೊದಲು ತನ್ನ ಕೈಯನ್ನೇ ಎತ್ತಿದ. ತರಚಿದ ಹೆಬ್ಬೆರಳಿನಿಂದ ನೀರು ಬೆರೆತ ರಕ್ತ ಮೊಣಕೈವರೆಗೆ ಇಳಿದಿತ್ತು.

ಉಳಿದವರ ಕೈಗಳು ತಟ್ಟೆಗಳ ಮೇಲೇ ಇದ್ದವು. ವೋಟಿಲ್ಲದ ವರ್ನಾ ನೀರು ಸುರಿಸುತ್ತ ಮುಂದೆ ಬಂದು ಮಾಸ್ಕನ್ನು ಮೇಜಿನ ಮೇಲೆ ಕುಕ್ಕಿದಳು.

“ಇನ್ನೂ ಅನುಮಾನ ಇರೋರು ಯಾರು? ಏಳಿ, ನೀರಿಗೆ ಹೋಗೋಣ.”