ಮುದ್ದೆಗೆ ಚುಚ್ಚಿದ ಫೋರ್ಕು

ನಿಖಿತಾ ಫೋರ್ಕನ್ನು ಎತ್ತಿದಾಗ ಇಡೀ ಮುದ್ದೆಯೇ ಅದರ ಜೊತೆ ಎದ್ದು ಬಂತು. ಅವಳು ಸಿಂಗಟಗೆರೆಯಿಂದ ಬೆಳಗಿನ ಬಸ್ಸಿಗೆ ಹೊರಡುವ ಮೊದಲು ತಾಯಿ ಸಾರಿನ ಜೊತೆ ಕಟ್ಟಿಕೊಟ್ಟ ಮುದ್ದೆ, ಆರಿ ಗಟ್ಟಿಯಾಗಿತ್ತು. ಸುತ್ತ ಕೂತಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೇಷ್ಟ್ರು ರೇಣುಕಪ್ರಸಾದ್ ನಗಲಿಲ್ಲ.

"ಚಾಕು ತಗೊಳಮ್ಮ. ಕಟ್ ಮಾಡ್ಕೊಂಡು ತಿನ್ನು."

"ಸರ್, ಮುದ್ದೆ ಅಗಿಯಂಗಿಲ್ಲ, ನುಂಗ್ಬೇಕು."

"ಜರ್ಮನಿಯಲ್ಲಿ ನುಂಗೋ ಪದ್ಧತಿ ಇಲ್ಲ ಕಣಮ್ಮ."

ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಗೊಬ್ಬರದಂಗಡಿಯ ಮೇಲಿನ ಈ ಹಾಲಿನಲ್ಲಿ ರೇಣುಕಪ್ರಸಾದ್ ಹೊರದೇಶಕ್ಕೆ ಹೋಗುವ ನರ್ಸುಗಳಿಗೆ ಜರ್ಮನ್ ಕಲಿಸುತ್ತಿದ್ದ. ಭಾಷೆಯ ಜೊತೆಗೆ ನಡತೆಯನ್ನೂ. ಅವನು ಆ ದೇಶವನ್ನು ಕಣ್ಣಾರೆ ಕಂಡವನಲ್ಲ. ಅವನ ಪಾಠದ ಸಾರವೆಲ್ಲ ಇಷ್ಟೇ: ಅಲ್ಲಿಯವರು ನಮ್ಮನ್ನು ಗಲೀಜು ಜನ ಅಂದುಕೊಂಡಿದ್ದಾರೆ, ಆದ್ದರಿಂದ ಇಂಡಿಯಾದವರು ಅಂತ ಗೊತ್ತಾಗದ ಹಾಗೆ ಇದ್ದುಬಿಡಿ. ಒಗ್ಗರಣೆ ಹಾಕಬೇಡಿ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅನ್ನವನ್ನು ಕೈಯಲ್ಲಿ ಮುಟ್ಟಬೇಡಿ. ಮೈಬಣ್ಣವನ್ನು ಎಲ್ಲಿ ಬಚ್ಚಿಡಬೇಕು ಎಂಬುದೊಂದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ.

ಇವತ್ತು ಅವನ ಪಾಠಕ್ಕೆ ಸಾಕ್ಷಿಯಾಗಿ ಬಂದವಳು ತನುಜಾ. ಅಜ್ಜಂಪುರದವಳು, ಇದೇ ಹಾಲಿನಲ್ಲಿ ಕಲಿತು ಹೋಗಿ ಜರ್ಮನಿಯ ಒಂದು ವೃದ್ಧಾಶ್ರಮದಲ್ಲಿ ನರ್ಸಾಗಿದ್ದಳು. ರಜೆ ಮುಗಿಯುತ್ತ ಬಂದಿತ್ತು, ಭಾನುವಾರ ವಿಮಾನ. ನಮ್ಮ ಹುಡುಗಿಯರ ಜೊತೆ ಊಟ ಮಾಡಿ ನಾಲ್ಕು ಮಾತಾಡಿ ಹೋಗಿ, ಅದನ್ನು ನಾನು ವಿಡಿಯೊ ಮಾಡಿಕೊಂಡು ಪ್ರಚಾರಕ್ಕೆ ಹಾಕುತ್ತೇನೆ ಎಂದು ರೇಣುಕಪ್ರಸಾದ್ ಕರೆಸಿಕೊಂಡಿದ್ದ. ಸ್ಟ್ಯಾಂಡಿಗೆ ಸಿಕ್ಕಿಸಿದ ಅವನ ಫೋನು ಆಗಲೇ ರೆಕಾರ್ಡ್ ಮಾಡುತ್ತಿತ್ತು.

"ನೀವೇ ಹೇಳಿ ಮೇಡಂ, ಅಲ್ಲಿ ಹೆಂಗೆ ಊಟ ಮಾಡ್ತೀರಿ?"

ತನುಜಾ ತನ್ನ ಮುಂದೆ ಇಟ್ಟಿದ್ದ ಫೋರ್ಕನ್ನು ನೋಡಿದಳು. ನಿಜ ಹೇಳಬೇಕೆಂದರೆ ಅವಳು ಅಲ್ಲಿ ಉಣ್ಣುತ್ತಿದ್ದುದು ಬಟ್ಟೆ ಬದಲಿಸುವ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಮಾಡಿಕೊಂಡು, ಚಮಚದಲ್ಲಿ. ಅದು ಶುರುವಾದದ್ದು ಕಳೆದ ಚಳಿಗಾಲದಲ್ಲಿ. ಅಲ್ಲಿಯವರೆಗೆ ಅವಳು ಎಲ್ಲರ ಜೊತೆ ದೊಡ್ಡ ಮೇಜಿನಲ್ಲೇ ಕೂರುತ್ತಿದ್ದಳು. ಒಂದು ದಿನ ಅನ್ನ ಸಾರು ಉಂಡು, ಡಬ್ಬಿಗೆ ನೀರು ಹಾಕಿ, ಬೆರಳಾಡಿಸಿ ಆ ನೀರನ್ನು ಕುಡಿದಳು. ಅಜ್ಜಂಪುರದ ಮನೆಯಲ್ಲಿ ತಾತ ಜಯದೇವಪ್ಪ ಹಾಗೇ ತಟ್ಟೆ ತೊಳೆದು ಕುಡಿಯುತ್ತಿದ್ದರು. ಒಂದಗುಳು ಬಿಟ್ಟರೂ ಪ್ರಸಾದ ಚೆಲ್ಲಿದಂತೆ ಎಂದು ಮೊಮ್ಮಕ್ಕಳಿಗೂ ಅದನ್ನೇ ರೂಢಿ ಮಾಡಿಸಿದ್ದರು. ಆ ದಿನ ಅದನ್ನು ಬಾಗಿಲಲ್ಲಿ ನಿಂತು ನೋಡಿದವನು ಅವಳು ನೋಡಿಕೊಳ್ಳುತ್ತಿದ್ದ ಮುದುಕಿಯೊಬ್ಬಳ ಮಗ. ಇಂಡಿಯಾದವರೆಲ್ಲ ಹೀಗೇ ಎಂದು ಮೂಗು ಮುರಿದು, ಆ ಕೈಯಿಂದ ನನ್ನ ತಾಯಿಯನ್ನು ಮುಟ್ಟಬೇಡ ಎಂದಿದ್ದ.

ಅದೇ ಬೆಳಗ್ಗೆ ಆ ಕೈ ಅವನ ತಾಯಿಯ ಮಲ ತೊಳೆದು, ಬಟ್ಟೆ ಬದಲಿಸಿ, ತಲೆ ಬಾಚಿತ್ತು. ಮೇಲ್ವಿಚಾರಕಿ ಅವನಿಗೆ ಏನೂ ಹೇಳಲಿಲ್ಲ. ಇನ್ನು ಮೇಲೆ ಒಳಗೆ ಕೂತು ತಿನ್ನು ಎಂದು ತನುಜಾಳಿಗೇ ಹೇಳಿದಳು. ತನುಜಾ ಸರಿ ಎಂದಿದ್ದಳು.

"ಫೋರ್ಕಲ್ಲೇ ಅಲ್ವಾ ಮೇಡಂ?" ರೇಣುಕಪ್ರಸಾದ್ ನೆನಪಿಸಿದ.

ಎದುರಿಗೆ ನಿಖಿತಾ ಮುದ್ದೆಯ ಚೂರೊಂದನ್ನು ಕೊಯ್ದು ಬಾಯಿಗಿಟ್ಟು ಅಗಿಯುತ್ತಿದ್ದಳು. ಹಿಟ್ಟು ಹಲ್ಲಿಗೆ ಅಂಟಿಕೊಂಡು ಅವಳ ಕಣ್ಣಲ್ಲಿ ನೀರು ಬಂತು. ಹೆತ್ತವಳು ಕಟ್ಟಿಕೊಟ್ಟ ಊಟವನ್ನು ಕಹಿ ಔಷಧಿಯಂತೆ ತಿನ್ನುವ ಆ ಹುಡುಗಿಯನ್ನು ನೋಡಿ ತನುಜಾಳಿಗೆ ಸಿಟ್ಟು ನೆತ್ತಿಗೇರಿತು. ಆ ಮಗನ ಮೇಲೆ, ಈ ಮೇಷ್ಟ್ರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ.

ಅವಳು ಎದ್ದು ಹೋಗಿ ಕೈ ತೊಳೆದು ಬಂದು ತನ್ನ ಡಬ್ಬಿ ತೆರೆದಳು. ತಾಯಿ ಸಾವಿತ್ರಮ್ಮ ಕಟ್ಟಿದ್ದ ಹುರುಳಿ ಸಾರಿನ ಬೆಳ್ಳುಳ್ಳಿ ವಾಸನೆ ಹಾಲಿಗೆಲ್ಲ ಹರಡಿತು. ಫೋರ್ಕನ್ನು ಆಚೆ ಸರಿಸಿ, ಅನ್ನಕ್ಕೆ ಸಾರು ಸುರಿದು ಕಲಸಿದಳು.

"ಮೇಡಂ, ರೆಕಾರ್ಡಾಗ್ತಿದೆ."

"ಆಗ್ಲಿ ಬಿಡಿ." ಅವಳು ಹುಡುಗಿಯರ ಕಡೆ ತಿರುಗಿದಳು. "ನಾನು ಅಲ್ಲಿ ಕದ್ದು ಉಣ್ತೀನಿ ಕಣ್ರಮ್ಮ. ನಾನು ನೋಡ್ಕಳೋ ಒಂದು ಅಜ್ಜಿಯ ಮಗ ನನ್ನ ಕೈ ಗಲೀಜು ಅಂದ. ನಾನು ಸುಮ್ನೆ ಒಳಕ್ಕೋಗಿ ಚಮಚ ಹಿಡ್ಕಂಡೆ. ಅವನ ಬಾಯಿ ನಿಂತೋಯ್ತು ಅನ್ಕಂಡ್ರಾ? ಆಮೇಲೆ ನನ್ನ ತಲೆ ಎಣ್ಣೆ ನಾತ ಅಂದ. ಎಣ್ಣೆ ಬಿಟ್ಟೆ, ನನ್ನ ಮಾತು ಸರಿಯಿಲ್ಲ ಅಂದ. ನಾವು ಬಚ್ಚಿಟ್ಕಂಡಷ್ಟೂ ಅವ್ರು ಹುಡುಕ್ತಾರೆ."

"ಮತ್ತೇನ್ ಮಾಡ್ಬೇಕಕ್ಕಾ?" ನಿಖಿತಾ ಕೇಳಿದಳು.

"ಭಾಷೆ ಕಲಿ. ತಿರುಗಿಸಿ ಮಾತಾಡೋವಷ್ಟು ಕಲಿ. ಫೋರ್ಕ್ ಹಿಡಿಯೋದೂ ಕಲಿ, ಬೇಕಾದಾಗ ಹಿಡ್ಕೋ. ಹೆದರ್ಕಂಡು ಮಾತ್ರ ಹಿಡೀಬೇಡ."

"ಕೆಲ್ಸದಿಂದ ತೆಗೆದ್ರೆ?"

"ಈ ಕೈ ಇಲ್ದಿದ್ರೆ ಅವರಮ್ಮ ಮಂಚ ಬಿಟ್ಟು ಏಳಂಗಿಲ್ಲ ಕಣೇ, ಅದು ಅವ್ರಿಗೂ ಗೊತ್ತು. ತೆಗೆದ್ರೆ ತೆಗೀಲಿ. ಮಂಗಳವಾರ ನಂಗೆ ಡ್ಯೂಟಿ. ಅವತ್ತಿಂದ ದೊಡ್ಡ ಮೇಜಲ್ಲೇ ಕೂತು, ಹಿಂಗೇ ಉಣ್ತೀನಿ."

ಇಷ್ಟು ಜನರ ಮುಂದೆ ಆಡಿದ ಮಾತು. ಇನ್ನು ಹಿಂದೆ ಸರಿಯುವಂತಿರಲಿಲ್ಲ. ಅವಳು ನಿಧಾನವಾಗಿ ಊಟ ಮುಗಿಸಿದಳು. ಡಬ್ಬಿಗೆ ನೀರು ಹಾಕಿ, ಅಂಚಿಗೆ ಅಂಟಿದ್ದ ಅಗುಳುಗಳನ್ನು ಬೆರಳಿಂದ ಬಿಡಿಸಿ, ಫೋನಿನ ಕಡೆಗೇ ಮುಖ ಮಾಡಿ ಕುಡಿದಳು.

ರೇಣುಕಪ್ರಸಾದ್ ಮೆಲ್ಲಗೆ ಹತ್ತಿರ ಬಂದ. "ಇದೊಂದು ಕಟ್ ಮಾಡ್ಬಿಡ್ತೀನಿ ಮೇಡಂ. ನೋಡಿದವ್ರು ಏನಂದ್ಕೋತಾರೆ?"

"ಕಟ್ ಮಾಡಂಗಿದ್ರೆ ನನ್ನ ಮುಖವೂ ಬೇಡ. ಹಾಕಂಗಿದ್ರೆ ಇದ್ರ ಸಮೇತ ಹಾಕಿ."

ಹಾಲಿನಲ್ಲಿ ಯಾರೂ ನಗಲಿಲ್ಲ. ನಿಖಿತಾ ಚಾಕುವನ್ನು ಕೆಳಗಿಟ್ಟು, ಎದ್ದು ಹೋಗಿ ಕೈ ತೊಳೆದು ಬಂದಳು. ಉಳಿದ ಮುದ್ದೆಯಲ್ಲಿ ಫೋರ್ಕು ನೆಟ್ಟಗೆ ನಿಂತಿತ್ತು. ಅವಳು ಅದನ್ನು ಕೀಳುವ ಗೋಜಿಗೂ ಹೋಗದೆ, ಅದರ ಬುಡದಿಂದಲೇ ಒಂದು ತುತ್ತು ಮುರಿದು, ಸಾರಿಗೆ ಅದ್ದಿ ನುಂಗಿದಳು.